ಶಿಕಾಗೊ ಗ್ರಂಥಾಲಯದಲ್ಲಿ ಹದಿಹರೆಯದವರ ಪಾಲು: ‘ಯೂಮೀಡಿಯಾ’ ಕುರಿತು ಒಂದು ವಿಮರ್ಶೆ

ಬಹುಪಾಲು ಸಾರ್ವಜನಿಕ ಗ್ರಂಥಾಲಯಗಳಲ್ಲಿ ಚಿಕ್ಕ ಮಕ್ಕಳಿಗೆ ಬಣ್ಣದ ಕುರ್ಚಿಗಳ ಒಂದು ಮೂಲೆ ಇರುತ್ತದೆ, ದೊಡ್ಡವರಿಗೆ ಉಳಿದ ಕಟ್ಟಡವೆಲ್ಲ ಇರುತ್ತದೆ. ಹದಿನಾಲ್ಕು, ಹದಿನೈದರ ಹುಡುಗ ಹುಡುಗಿಯರು ಮೊದಲನೆಯ ಕಡೆ ಕೂರಲು ನಾಚುತ್ತಾರೆ. ಎರಡನೆಯ ಕಡೆ ಇಬ್ಬರು ಸೇರಿ ನಕ್ಕರೆ ಸಾಕು, ಯಾರಾದರೂ ತಲೆಯೆತ್ತಿ ದುರುಗುಟ್ಟುತ್ತಾರೆ. ಓದುವ ಅಭ್ಯಾಸ ಕೈತಪ್ಪಿ ಹೋಗುವುದೂ ಹೆಚ್ಚಾಗಿ ಇದೇ ವಯಸ್ಸಿನಲ್ಲಿ. ಈ ವಯೋಮಾನದವರಿಗೆಂದೇ ಶಿಕಾಗೊ ಸಾರ್ವಜನಿಕ ಗ್ರಂಥಾಲಯವು 2009ರಲ್ಲಿ ತೆರೆದ ‘ಯೂಮೀಡಿಯಾ’ ಎಂಬ ವಿಭಾಗವನ್ನು, ಪ್ರೌಢಶಾಲೆಯಲ್ಲಿ ಓದುವ ಮಗಳನ್ನು ಅಲ್ಲಿಗೆ ಕಳುಹಿಸುವ ತಾಯಿಯಾಗಿ ನಾನು ಸಾಕಷ್ಟು ಕಾಲದಿಂದ ಗಮನಿಸುತ್ತ ಬಂದಿದ್ದೇನೆ. ಅಲ್ಲಿನ ಯಂತ್ರೋಪಕರಣಗಳನ್ನು ಕಂಡು ಬೆರಗಾಗುವವರು ಬಹಳ. ನನಗೆ ಮುಖ್ಯವೆನಿಸಿದ್ದು ಬೇರೆ. ಹದಿಹರೆಯದವರ ಜೊತೆ ಹೊತ್ತು ಕಳೆಯುವುದನ್ನೇ ಉದ್ಯೋಗವಾಗಿ ಮಾಡಿಕೊಂಡ ದೊಡ್ಡವರು ಅಲ್ಲಿದ್ದಾರೆ, ಮತ್ತು ಆ ಸೇವೆಯ ಗುಣವೂ ಮಿತಿಯೂ ಅವರನ್ನೇ ಅವಲಂಬಿಸಿವೆ ಎಂಬುದು ನನ್ನ ಅಭಿಪ್ರಾಯ.

ಮುಖ್ಯ ಯೂಮೀಡಿಯಾ ಇರುವುದು ನಗರದ ನಡುಭಾಗದ ಸ್ಟೇಟ್ ಸ್ಟ್ರೀಟಿನಲ್ಲಿರುವ ಹೆರಾಲ್ಡ್ ವಾಷಿಂಗ್ಟನ್ ಗ್ರಂಥಾಲಯ ಕೇಂದ್ರದ ನೆಲಮಹಡಿಯಲ್ಲಿ. ಶಿಕಾಗೊದ ಮೊದಲ ಕಪ್ಪುಜನಾಂಗದ ಮೇಯರ್ ಆಗಿದ್ದು 1987ರಲ್ಲಿ ಅಧಿಕಾರದಲ್ಲಿರುವಾಗಲೇ ತೀರಿಕೊಂಡ ವಾಷಿಂಗ್ಟನ್ ಅವರ ಹೆಸರಿನ ಈ ಕೆಂಪು ಇಟ್ಟಿಗೆಯ ಭಾರೀ ಕಟ್ಟಡವು 1991ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಚಾವಣಿಯ ಮೇಲೆ ದೊಡ್ಡ ದೊಡ್ಡ ಗೂಬೆಗಳ ಪ್ರತಿಮೆಗಳಿವೆ. ಮೈಸೂರಿನಿಂದ ಬಂದಿದ್ದ ನಮ್ಮ ಅತ್ತೆಯವರು ಅವನ್ನು ನೋಡಿ, ಮನುಷ್ಯರ ತಲೆಯ ಮೇಲೆ ಗೂಬೆ ಕೂರಿಸುವುದನ್ನು ಕೇಳಿದ್ದೆ, ಪುಸ್ತಕದ ಮನೆಯ ಮೇಲೂ ಕೂರಿಸುತ್ತಾರೆಯೇ ಎಂದು ಕೇಳಿದ್ದರು. ಸಂಸ್ಥೆ ಮಾತ್ರ ಈ ಕಟ್ಟಡಕ್ಕಿಂತ ಬಹಳ ಹಳೆಯದು. 1871ರ ಮಹಾ ಅಗ್ನಿದುರಂತದಲ್ಲಿ ನಗರದ ಹೃದಯಭಾಗವೇ ಸುಟ್ಟುಹೋದಾಗ ಇಂಗ್ಲೆಂಡಿನ ಜನರು ಸುಮಾರು 8,000 ಪುಸ್ತಕಗಳನ್ನು ದಾನವಾಗಿ ಕಳುಹಿಸಿದರು. ಅವನ್ನು ಇಡಲು ಬೇರೆ ಜಾಗ ಸಿಗದೆ, ಬಳಕೆಯಲ್ಲಿಲ್ಲದ ಒಂದು ನೀರಿನ ತೊಟ್ಟಿಯಲ್ಲಿಯೇ 1873ರ ಜನವರಿ 1ರಂದು ಗ್ರಂಥಾಲಯ ಆರಂಭವಾಯಿತು. ಇದ್ದ ಜಾಗವನ್ನು ಬೇರೊಂದು ಉದ್ದೇಶಕ್ಕೆ ಒಗ್ಗಿಸಿಕೊಳ್ಳುವುದು ಹಾಗಾಗಿ ಈ ಸಂಸ್ಥೆಗೆ ಹೊಸ ವಿದ್ಯೆಯಲ್ಲ. ಯೂಮೀಡಿಯಾಕ್ಕೆ ಅದು ಬಿಟ್ಟುಕೊಟ್ಟದ್ದು ಸುಮಾರು 5,500 ಚದರ ಅಡಿ. ಚಿಕ್ಕವರಿಗೆ ಮೇಲೆ ಬೇರೆಯದೇ ಮಕ್ಕಳ ಗ್ರಂಥಾಲಯ ಇರುವುದರಿಂದ ಈ ಜಾಗದಲ್ಲಿ ತಮ್ಮಂದಿರೂ ತಂಗಿಯರೂ ಸುಳಿಯುವುದಿಲ್ಲ. ಹದಿಹರೆಯದವರ ದೃಷ್ಟಿಯಿಂದ ಇದು ಸಣ್ಣ ಅನುಕೂಲವಲ್ಲ.

ಪ್ರವೇಶದ ನಿಯಮ ಸರಳವಾಗಿದೆ. 13ರಿಂದ 19 ವರ್ಷದೊಳಗಿನವರು ಬರಬಹುದು, ಶುಲ್ಕವಿಲ್ಲ. ಟ್ಯೂಷನ್ ತರಗತಿಯಂತೆ ಹೆಸರು ನೋಂದಾಯಿಸಿ ವಾರವಾರ ಹಾಜರಾಗಬೇಕೆಂಬ ಕಟ್ಟುಪಾಡಿಲ್ಲ. ಶಾಲೆ ಬಿಟ್ಟ ಮೇಲೆ ಬಂದು, ಮನಸ್ಸಿದ್ದಷ್ಟು ಹೊತ್ತು ಇದ್ದು ಹೋಗಬಹುದು. ಲ್ಯಾಪ್‌ಟಾಪ್, ಕ್ಯಾಮೆರಾ, ಸಂಗೀತದ ಕೀಬೋರ್ಡ್, ಧ್ವನಿಮುದ್ರಣದ ಪುಟ್ಟ ಸ್ಟುಡಿಯೊ, ವಿಡಿಯೊ ಆಟಗಳು, ಕೈಯಿಂದ ಏನಾದರೂ ತಯಾರಿಸಲು ಬೇಕಾದ ಸಲಕರಣೆಗಳು ಎಲ್ಲವೂ ಇವೆ. ಇವುಗಳ ಬಗ್ಗೆ ಹೆಚ್ಚು ಬರೆಯುವ ಅಗತ್ಯ ನನಗೆ ಕಾಣುವುದಿಲ್ಲ. 2009ರಲ್ಲಿ ಒಬ್ಬ ಬಡ ವಿದ್ಯಾರ್ಥಿಗೆ ಧ್ವನಿಮುದ್ರಣದ ಸೌಲಭ್ಯ ಸಿಗುವುದು ದೊಡ್ಡ ಸಂಗತಿಯಾಗಿತ್ತು. ಈಗ ಅದರ ಬಹುಭಾಗ ಅಂಗೈಯಲ್ಲಿನ ಫೋನಿನಲ್ಲಿಯೇ ಇದೆ. ಇದಕ್ಕಿಂತ ಹೆಚ್ಚು ಪರಿಣಾಮ ಬೀರಿದ್ದು ಬೇರೊಂದು ತೀರ್ಮಾನ ಎಂದು ನನಗನ್ನಿಸುತ್ತದೆ: ತಡವಾಗಿ ಹಿಂದಿರುಗಿಸಿದ ಪುಸ್ತಕಗಳಿಗೆ ವಿಧಿಸುತ್ತಿದ್ದ ದಂಡವನ್ನು ಶಿಕಾಗೊ ಗ್ರಂಥಾಲಯವು 2019ರ ಅಕ್ಟೋಬರಿನಲ್ಲಿ ರದ್ದುಗೊಳಿಸಿತು. ಬಾಕಿ ಹಣಕ್ಕೆ ಹೆದರಿ ಗ್ರಂಥಾಲಯದ ಬಾಗಿಲನ್ನೇ ತುಳಿಯದಿರುವುದು ಎಲ್ಲರಿಗಿಂತ ಹೆಚ್ಚಾಗಿ ಹದಿಹರೆಯದವರ ಸ್ವಭಾವ.

ಯೂಮೀಡಿಯಾದ ಹಿಂದಿರುವ ಆಲೋಚನೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಭಾರತೀಯ ತಂದೆತಾಯಿಯರಿಗೆ ಮೊದಲು ಇರುಸುಮುರುಸಾಗುವುದು ಅಲ್ಲಿಯೇ. ಮಕ್ಕಳು ಡಿಜಿಟಲ್ ಸಾಧನಗಳ ಜೊತೆ ಹೇಗೆ ಬದುಕುತ್ತಾರೆ ಎಂಬುದನ್ನು ಮಾನವಶಾಸ್ತ್ರಜ್ಞೆ ಮಿಮಿ ಇಟೊ ಮತ್ತು ಅವರ ಸಂಗಡಿಗರು ಮ್ಯಾಕ್‌ಆರ್ಥರ್ ಪ್ರತಿಷ್ಠಾನದ ನೆರವಿನಿಂದ ಅಧ್ಯಯನ ಮಾಡಿ, ಆ ಬದುಕಿನಲ್ಲಿ ಮೂರು ನಡೆಗಳನ್ನು ಗುರುತಿಸಿದ್ದರು. ಮೊದಲು ಗೆಳೆಯರ ಜೊತೆ ಸುಮ್ಮನೆ ಕೂತು ಹರಟುವುದು, ಆಮೇಲೆ ಕುತೂಹಲಕ್ಕೆ ಏನನ್ನಾದರೂ ಕೈಯಾಡಿಸಿ ನೋಡುವುದು, ಕೊನೆಗೆ ಯಾವುದೋ ಒಂದರ ಗೀಳು ಹಿಡಿದು ಅದರ ಆಳಕ್ಕೆ ಇಳಿಯುವುದು. ಯೂಮೀಡಿಯಾದ ಜಾಗವನ್ನು ಈ ಮೂರಕ್ಕೂ ಎಡೆ ಸಿಗುವಂತೆ ರೂಪಿಸಲಾಯಿತು. ಶಿಕಾಗೊದಲ್ಲಿ ಮಕ್ಕಳಿಗೆ ಡಿಜಿಟಲ್ ಕಲೆಗಳನ್ನು ಕಲಿಸುವ ಕೆಲಸದಲ್ಲಿ ಆಗಲೇ ತೊಡಗಿದ್ದ ನಿಕೋಲ್ ಪಿಂಕಾರ್ಡ್ ಅವರ ಡಿಜಿಟಲ್ ಯೂತ್ ನೆಟ್‌ವರ್ಕ್ ತಂಡ ಮೊದಲ ಮೆಂಟರ್‌ಗಳನ್ನು ಒದಗಿಸಿತು. ಹಣ ಬಂದದ್ದೂ ಮ್ಯಾಕ್‌ಆರ್ಥರ್ ಪ್ರತಿಷ್ಠಾನದಿಂದಲೇ.

ಹೀಗಾಗಿ ಒಳಗೆ ಕಾಲಿಟ್ಟರೆ ಕೆಲವು ಮಕ್ಕಳು ಏನನ್ನೂ ಮಾಡದೆ ಸೋಫಾದಲ್ಲಿ ಒರಗಿರುವುದು ಕಾಣುತ್ತದೆ, ಮತ್ತು ಅವರನ್ನು ಯಾರೂ ಎಬ್ಬಿಸುವುದಿಲ್ಲ. ಸಮಯವನ್ನು ಹಾಳು ಮಾಡಬೇಡ ಎಂಬ ಮಾತನ್ನು ಕೇಳಿಕೊಂಡೇ ಬೆಳೆದ ನನ್ನಂಥವರಿಗೆ ಇದನ್ನು ಸಹಿಸುವುದು ಸುಲಭವಲ್ಲ. ಭಾನುವಾರದ ಸಂಗೀತದ ಪಾಠ, ಸೋಮವಾರದ ಗಣಿತ, ಮಂಗಳವಾರದ ಭರತನಾಟ್ಯ ಎಂದು ವಾರವಿಡೀ ಭರ್ತಿಯಾಗಿರುವ ಮಕ್ಕಳಿಗೆ ‘ಇಂದು ಏನು ಕಲಿತೆ’ ಎಂದು ಯಾರೂ ಕೇಳದ ಒಂದು ಜಾಗ ಸಿಕ್ಕರೆ ಅವರು ಏನು ಮಾಡುತ್ತಾರೆ? ನಾನು ಕಂಡ ಮಟ್ಟಿಗೆ, ಬಹಳ ಹೊತ್ತು ಏನೂ ಮಾಡುವುದಿಲ್ಲ. ಆಮೇಲೆ ಪಕ್ಕದವರು ಏನು ಮಾಡುತ್ತಿದ್ದಾರೆಂದು ಇಣುಕುತ್ತಾರೆ. ಆ ಇಣುಕುವ ಗಳಿಗೆಗಾಗಿ ಕಾದಿರುವ ವ್ಯಕ್ತಿಯೇ ಮೆಂಟರ್.

ಈ ಮೆಂಟರ್‌ಗಳು ಶಿಕ್ಷಕರಲ್ಲ, ಗ್ರಂಥಪಾಲಕರೂ ಅಲ್ಲ, ಆದರೆ ಗ್ರಂಥಪಾಲಕರ ಜೊತೆಗೇ ಕೆಲಸ ಮಾಡುತ್ತಾರೆ. ಸ್ವತಃ ಸಂಗೀತಗಾರರೋ, ಕವಿಗಳೋ, ಚಿತ್ರವಿನ್ಯಾಸಕಾರರೋ ಆಗಿರುವ ಇವರು ಮಕ್ಕಳ ಪಕ್ಕದಲ್ಲಿ ಕುಳಿತು ತಮ್ಮ ಕಸುಬನ್ನು ತೋರಿಸುತ್ತಾರೆ. ಒಳ್ಳೆಯ ಮೆಂಟರ್‌ನ ಕೆಲಸ ಯಕ್ಷಗಾನದ ಭಾಗವತರ ಕೆಲಸಕ್ಕೆ ಹತ್ತಿರ: ಕುಣಿಯುವವರು ಬೇರೆಯವರೇ, ಆದರೆ ಯಾರು ಯಾವಾಗ ರಂಗಕ್ಕೆ ಬರಬೇಕು, ಎಲ್ಲಿ ವೇಗ ಹೆಚ್ಚಬೇಕು, ಎಲ್ಲಿ ನಿಲ್ಲಬೇಕು ಎಂಬುದು ಹಿಂದೆ ಕುಳಿತವರಿಗೆ ಗೊತ್ತಿರುತ್ತದೆ. ಇಂಥವರಲ್ಲಿ ಎಲ್ಲರಿಗಿಂತ ಹೆಚ್ಚು ನೆನಪಿನಲ್ಲಿ ಉಳಿದವರು ಮೈಕ್ ಹಾಕಿನ್ಸ್. ‘ಬ್ರದರ್ ಮೈಕ್’ ಎಂದೇ ಮಕ್ಕಳು ಕರೆಯುತ್ತಿದ್ದ ಈ ಕವಿ, ಯೂಮೀಡಿಯಾದಲ್ಲಿ ‘ಲಿರಿಸಿಸ್ಟ್ ಲಾಫ್ಟ್’ ಎಂಬ ಓಪನ್ ಮೈಕ್ ಸಂಜೆಯನ್ನು ನಡೆಸುತ್ತಿದ್ದರು. ಹದಿಹರೆಯದವರು ತಾವೇ ಬರೆದ ಕವಿತೆ, ರ್‍ಯಾಪ್, ಹಾಡು, ಸ್ವಗತಗಳನ್ನು ತಮ್ಮ ವಯಸ್ಸಿನವರ ಎದುರು ಹೇಳುವ ಈ ಕೂಟವು ಇಡೀ ವಿಭಾಗದ ಜೀವಾಳವಾಯಿತು. 2014ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ನಗರದ ಯುವ ಕಲಾವಿದರ ಒಂದು ತಲೆಮಾರೇ ಶೋಕಿಸಿತು. ಅವರ ನೆನಪಿಗಾಗಿ ನಡೆದ ಓಪನ್ ಮೈಕ್ ಕಾರ್ಯಕ್ರಮಗಳಿಗೆ ಅವರದೇ ಹೆಸರನ್ನು ಇಡಲಾಯಿತು.

ಆ ಕಾರ್ಯಕ್ರಮಗಳನ್ನು ಮುಂದೆ ನಿಂತು ನಡೆಸಿದವರಲ್ಲಿ ಒಬ್ಬರು ಚಾನ್ಸ್ ದ ರ್‍ಯಾಪರ್. ಗ್ರಂಥಾಲಯಕ್ಕೆ ಕೂಗಳತೆಯಲ್ಲಿರುವ ಜೋನ್ಸ್ ಕಾಲೇಜ್ ಪ್ರೆಪ್ ಎಂಬ ಪ್ರೌಢಶಾಲೆಯಲ್ಲಿ ಓದುತ್ತಿದ್ದ ಇವರು, ಶಾಲೆಯಿಂದ ಹತ್ತು ದಿನ ಅಮಾನತಾಗಿದ್ದ ಅನುಭವದಿಂದ ಹುಟ್ಟಿದ ತಮ್ಮ ಮೊದಲ ಹಾಡುಗುಚ್ಛಕ್ಕೆ ಯೂಮೀಡಿಯಾದ ಸ್ಟುಡಿಯೊವನ್ನು ಬಳಸಿಕೊಂಡರು. 2017ರಲ್ಲಿ ಅವರಿಗೆ ಮೂರು ಗ್ರ್ಯಾಮಿ ಪ್ರಶಸ್ತಿಗಳು ಬಂದವು. ಯೂಮೀಡಿಯಾದ ಬಗ್ಗೆ ಬರೆಯುವವರೆಲ್ಲರೂ ಈ ಹೆಸರನ್ನು ಹೇಳಿಯೇ ಹೇಳುತ್ತಾರೆ. ನನಗೆ ಅದರಲ್ಲಿ ಸ್ವಲ್ಪ ಅಸಮಾಧಾನವಿದೆ. ಎಸ್ಸೆಸ್ಸೆಲ್ಸಿಯಲ್ಲಿ ರ್‍ಯಾಂಕ್ ಬಂದ ಒಬ್ಬ ವಿದ್ಯಾರ್ಥಿಯ ಚಿತ್ರವನ್ನು ಫ್ಲೆಕ್ಸ್‌ನಲ್ಲಿ ಹಾಕಿ ಇಡೀ ಶಾಲೆಯನ್ನು ಅಳೆಯುವ ಅಭ್ಯಾಸಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಅದೇ ಓಪನ್ ಮೈಕ್‌ನಿಂದ ಬಂದ ನೋನೇಮ್ ಎಂಬ ಕವಯಿತ್ರಿ, ಗಾಯಕಿಯ ಉದಾಹರಣೆ ಗ್ರಂಥಾಲಯದ ದೃಷ್ಟಿಯಿಂದ ನನಗೆ ಹೆಚ್ಚು ಅರ್ಥಪೂರ್ಣ. ಅವರು 2019ರಲ್ಲಿ ತಮ್ಮ ಹೆಸರಿನಲ್ಲಿಯೇ ಒಂದು ಓದುಗರ ಬಳಗವನ್ನು ಆರಂಭಿಸಿದರು. ಆ ಬಳಗ ಜೈಲುಗಳಲ್ಲಿರುವವರಿಗೂ ಪುಸ್ತಕಗಳನ್ನು ಕಳುಹಿಸುತ್ತದೆ, ಮುಂದೆ ಲಾಸ್ ಏಂಜಲೀಸ್‌ನಲ್ಲಿ ಒಂದು ಗ್ರಂಥಾಲಯವನ್ನೂ ತೆರೆಯಿತು. ಗ್ರಂಥಾಲಯದ ಮೈಕಿನ ಮುಂದೆ ನಿಂತು ಕಲಿತವರೊಬ್ಬರು ಮತ್ತೊಂದು ಗ್ರಂಥಾಲಯ ಕಟ್ಟುವುದು ಗ್ರ್ಯಾಮಿಗಿಂತ ಕಡಿಮೆಯ ಫಲವೇನಲ್ಲ.

ಹೆಸರು ಮಾಡದೆ ಹೋಗುವ ಬಹುಸಂಖ್ಯಾತರ ವಿಷಯಕ್ಕೆ ಬರೋಣ. ಶಿಕಾಗೊ ವಿಶ್ವವಿದ್ಯಾಲಯದ ಶಾಲಾ ಸಂಶೋಧನಾ ಸಂಸ್ಥೆಯೊಂದು 2013ರಲ್ಲಿ ಯೂಮೀಡಿಯಾ ಕುರಿತು ಪ್ರಕಟಿಸಿದ ಅಧ್ಯಯನವು ಅಲ್ಲಿಗೆ ಬರುವವರಲ್ಲಿ ಹಲವು ಬಗೆಯವರನ್ನು ಗುರುತಿಸಿದೆ: ಗೆಳೆತನಕ್ಕಾಗಿ ಬರುವವರು, ಓದಲು ಮತ್ತು ಶಾಲೆಯ ಅಭ್ಯಾಸ ಮಾಡಲು ಬರುವವರು, ಇದನ್ನಿಷ್ಟು ಅದನ್ನಿಷ್ಟು ಮುಟ್ಟಿ ನೋಡುವವರು, ಗಂಭೀರವಾಗಿ ಏನನ್ನಾದರೂ ಸೃಷ್ಟಿಸುವವರು. ಈ ವಿಂಗಡಣೆ ನನಗೆ ಇಷ್ಟವಾಗಲು ಕಾರಣ, ಸೃಷ್ಟಿಸುವವರನ್ನು ಮಾತ್ರ ಲೆಕ್ಕಕ್ಕೆ ಹಿಡಿದು ಉಳಿದವರನ್ನು ಸೋಮಾರಿಗಳೆಂದು ಬಿಡದಿರುವುದು. ಹದಿಹರೆಯದವರಿಗೆ ಸುರಕ್ಷಿತವೆನಿಸುವ ಜಾಗ ಎಂಬ ಅಂಶಕ್ಕೂ ಆ ಅಧ್ಯಯನ ತೂಕ ಕೊಟ್ಟಿದೆ. ಶಿಕಾಗೊದ ಕೆಲವು ಬಡಾವಣೆಗಳಲ್ಲಿ ಸಂಜೆ ಹೊರಗೆ ನಿಲ್ಲುವುದೇ ಅಪಾಯವಾಗಿರುವ ಮಕ್ಕಳಿಗೆ, ಬೆಚ್ಚಗಿನ, ಬೆಳಕಿರುವ, ತಮ್ಮನ್ನು ಅನುಮಾನದಿಂದ ನೋಡದ ಒಂದು ಕೋಣೆ ಎಂದರೆ ಏನು ಎಂಬುದು ನಮ್ಮಂಥ ಅನುಕೂಲಸ್ಥ ಕುಟುಂಬಗಳಿಗೆ ತಟ್ಟನೆ ಹೊಳೆಯುವುದಿಲ್ಲ.

ನನ್ನ ಮಗಳು ಸೇರುವುದು ಓದುವವರ ಗುಂಪಿಗೆ. ಅವಳು ಹಾಡುವವಳಲ್ಲ, ಜನರ ಮುಂದೆ ನಿಲ್ಲುವುದೆಂದರೆ ಹೆದರುವವಳು. ಕಾಮಿಕ್ಸ್ ಮತ್ತು ಜಪಾನೀ ಮಂಗಾ ಪುಸ್ತಕಗಳ ಕಪಾಟಿನ ಬಳಿ ಬಹಳ ಕಾಲ ಠಿಕಾಣಿ ಹೂಡಿದ್ದವಳಿಗೆ, ಅವಳು ನೋಟ್‌ಬುಕ್ಕಿನ ಅಂಚಿನಲ್ಲಿ ಗೀಚುತ್ತಿದ್ದುದನ್ನು ಗಮನಿಸಿದ ಮೆಂಟರ್ ಒಬ್ಬರು ಕಾಗದ ಮಡಚಿ ಎಂಟು ಪುಟದ ಕಿರುಹೊತ್ತಿಗೆ ಮಾಡುವುದನ್ನು ತೋರಿಸಿಕೊಟ್ಟರು. ಮೈಸೂರಿನ ಅಜ್ಜಿ ವಾಟ್ಸ್ಯಾಪಿನಲ್ಲಿ ಕಳುಹಿಸುವ ಧ್ವನಿಸಂದೇಶಗಳನ್ನು ಅವಳು ಅದರಲ್ಲಿ ಇಂಗ್ಲಿಷ್ ಕವಿತೆಯಾಗಿ ಬರೆದಳು. ಅಜ್ಜಿಯ ಮಾತುಗಳನ್ನು ಮಾತ್ರ ಕನ್ನಡ ಲಿಪಿಯಲ್ಲಿಯೇ ಉಳಿಸಿಕೊಂಡಳು. ಆಮೇಲೊಂದು ಸಂಜೆ ಅದನ್ನು ಮೈಕಿನ ಮುಂದೆ ಓದಿಯೂ ಬಂದಳು. ಇಂಥ ಕೂಟಗಳಲ್ಲಿ ಒಂದು ಸಾಲು ಹಿಡಿಸಿದರೆ ಕೇಳುವವರು ಚಪ್ಪಾಳೆ ತಟ್ಟದೆ ಬೆರಳಿನಿಂದ ಚಿಟಿಕೆ ಹೊಡೆಯುತ್ತಾರೆ, ಓದುವವರ ಲಯ ಮುರಿಯಬಾರದೆಂದು. ‘ಊಟ ಆಯ್ತಾ ಪುಟ್ಟಿ’ ಎಂಬ ಸಾಲಿಗೂ ಚಿಟಿಕೆ ಬಿದ್ದವಂತೆ. ಕನ್ನಡ ಕೂಟದ ಭಾಷಣ ಸ್ಪರ್ಧೆಗೆ ನಾವು ಎಷ್ಟು ಬಲವಂತ ಮಾಡಿದರೂ ಬಾಯಿ ಬಿಡದ ಹುಡುಗಿ ಇವಳು ಎಂಬುದನ್ನು ಇಲ್ಲಿ ದಾಖಲಿಸದೆ ಇರಲಾರೆ.

ಆಕ್ಷೇಪಗಳೂ ಇವೆ. ಇವು ಯೂಮೀಡಿಯಾ ಒಂದಕ್ಕೇ ಅಂಟಿದವಲ್ಲ, ಅದನ್ನು ಮಾದರಿಯಾಗಿಟ್ಟುಕೊಂಡು ಹುಟ್ಟಿದ ಎಲ್ಲ ಕೇಂದ್ರಗಳ ವಿನ್ಯಾಸದಲ್ಲಿಯೇ ಇರುವಂಥವು. ಮೊದಲನೆಯದು, ಓದಿಗೆ ಸಿಗುವ ಸ್ಥಾನ. ಹದಿಹರೆಯದವರ ಪುಸ್ತಕಗಳ ಕಪಾಟುಗಳು ಜೊತೆಗೇ ಇವೆ, ಓದುಗರ ಕೂಟಗಳೂ ನಡೆಯುತ್ತವೆ. ಆದರೆ ಸ್ಟುಡಿಯೊದಿಂದ ಹೊರಬಂದ ಹಾಡು ಎಲ್ಲರ ಕಿವಿಗೆ ಬೀಳುತ್ತದೆ, ಮುಗಿಸಿದ ಕಾದಂಬರಿ ಯಾರ ಕಣ್ಣಿಗೂ ಬೀಳುವುದಿಲ್ಲ. ಕಣ್ಣಿಗೆ ಕಾಣುವ ಫಲವನ್ನು ಹಣ ಕೊಡುವವರೂ ಪತ್ರಿಕೆಯವರೂ ಕೇಳುವುದರಿಂದ, ಸದ್ದಿಲ್ಲದೆ ಓದುವ ಹುಡುಗ ಇಂಥ ಕೇಂದ್ರಗಳ ವರದಿಗಳಲ್ಲಿ ಹಿಂದೆ ಸರಿಯುತ್ತಾನೆ. ಬರೆಯುವವರು ಬೇರೆಯವರನ್ನು ಓದಲೇಬೇಕು ಎಂಬ ದಾರಿಯಿಂದ ಪುಸ್ತಕಕ್ಕೆ ಬರುವವರು ಉಂಟು, ನನ್ನ ಮಗಳಿಗೆ ಆ ದಾರಿ ಒಗ್ಗಿತು. ಆದರೆ ಬರೆಯುವ ಆಸೆಯೇ ಇಲ್ಲದೆ, ಬರೀ ಓದಿನ ಸುಖಕ್ಕಾಗಿ ಓದುವವರಿಗೆ ಏನನ್ನೂ ತಯಾರಿಸಿ ತೋರಿಸಬೇಕಿಲ್ಲದ ಒಂದು ಮೂಲೆ ಬೇಕು. ಎರಡನೆಯದು, ಸದ್ದು. ಗ್ರಂಥಾಲಯದಲ್ಲಿ ಗಟ್ಟಿಯಾಗಿ ಮಾತನಾಡಲು ಬಿಟ್ಟದ್ದೇ ಈ ಪ್ರಯೋಗದ ಸಾಹಸ, ಅದನ್ನು ಒಪ್ಪುತ್ತೇನೆ. ಪರೀಕ್ಷೆಗೆ ಓದಿಕೊಳ್ಳಬೇಕಾದ ದಿನ ಮಾತ್ರ ಮೇಲಿನ ಮಹಡಿಗಳೇ ಗತಿ.

ಪುಸ್ತಕದ ಮಾತು ಬಂದದ್ದರಿಂದ ಇನ್ನೊಂದು ಸಂಗತಿಯನ್ನು ಸೇರಿಸುತ್ತೇನೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಕೆಲವು ವರ್ಷಗಳಿಂದ ಶಾಲೆ ಮತ್ತು ಗ್ರಂಥಾಲಯಗಳ ಕಪಾಟಿನಿಂದ ಪುಸ್ತಕಗಳನ್ನು ತೆಗೆಸುವ ಒತ್ತಡ ಹೆಚ್ಚಿದೆ, ಅದರ ಗುರಿಯಾಗುವುದು ಬಹುಮಟ್ಟಿಗೆ ಹದಿಹರೆಯದವರಿಗಾಗಿ ಬರೆದ ಪುಸ್ತಕಗಳೇ. ಶಿಕಾಗೊ ನಗರವೂ ಅದರ ಗ್ರಂಥಾಲಯವೂ 2022ರ ಸೆಪ್ಟೆಂಬರಿನಲ್ಲಿ ಅಂಥ ಪುಸ್ತಕಗಳಿಗೆ ತಾವು ಆಶ್ರಯತಾಣವೆಂದು ಘೋಷಿಸಿಕೊಂಡವು. ಪುಸ್ತಕಗಳನ್ನು ನಿಷೇಧಿಸುವ ಗ್ರಂಥಾಲಯಗಳಿಗೆ ರಾಜ್ಯದ ಅನುದಾನ ಸಿಗದಂತೆ ಮಾಡುವ ಇಲಿನಾಯ್ ಕಾನೂನಿಗೆ ರಾಜ್ಯಪಾಲರು 2023ರ ಜೂನ್‌ನಲ್ಲಿ ಸಹಿ ಹಾಕಿದ್ದು ಇದೇ ಹೆರಾಲ್ಡ್ ವಾಷಿಂಗ್ಟನ್ ಕಟ್ಟಡದಲ್ಲಿ. ಬೇರೆ ರಾಜ್ಯಗಳಲ್ಲಿರುವ ಕನ್ನಡ ಕುಟುಂಬಗಳು ತಿಳಿದಿರಬೇಕಾದದ್ದೆಂದರೆ, ನ್ಯೂಯಾರ್ಕಿನ ಬ್ರೂಕ್ಲಿನ್ ಸಾರ್ವಜನಿಕ ಗ್ರಂಥಾಲಯವು 2022ರಲ್ಲಿ ಆರಂಭಿಸಿದ ‘ಬುಕ್ಸ್ ಅನ್‌ಬ್ಯಾಂಡ್’ ಯೋಜನೆಯು ದೇಶದ ಯಾವ ಮೂಲೆಯಲ್ಲಿರುವ 13ರಿಂದ 21 ವರ್ಷದವರಿಗೂ ಉಚಿತ ಇ-ಕಾರ್ಡ್ ಕೊಡುವ ಉದ್ದೇಶದ್ದು. ಮಕ್ಕಳು ಏನು ಓದುತ್ತಿದ್ದಾರೆಂದು ತಂದೆತಾಯಿಯರು ತಿಳಿದುಕೊಳ್ಳಬೇಡಿ ಎಂದು ನಾನು ಹೇಳುವುದಿಲ್ಲ. ಅವರ ಜೊತೆ ತಾವೂ ಆ ಪುಸ್ತಕವನ್ನು ಓದಿದರೆ ಮಾತಿಗೆ ದಾರಿಯಾಗುತ್ತದೆ.

ಹಣದ ವಿಷಯದಲ್ಲಿ ಯೂಮೀಡಿಯಾ ಒಂದು ಎಚ್ಚರಿಕೆಯ ಪಾಠವನ್ನೂ ಕೊಡುತ್ತದೆ. ಪ್ರತಿಷ್ಠಾನವೊಂದರ ಅನುದಾನದಿಂದ ಹುಟ್ಟಿದ ಯೋಜನೆಗಳು ಅನುದಾನ ಮುಗಿದೊಡನೆ ಬೀಗ ಹಾಕಿಕೊಳ್ಳುವುದನ್ನು ನಾವೆಲ್ಲ ಕಂಡಿದ್ದೇವೆ. ಇಲ್ಲಿ ಹಾಗಾಗಲಿಲ್ಲ. ನಗರದ ಹಲವು ಬಡಾವಣೆಗಳ ಶಾಖಾ ಗ್ರಂಥಾಲಯಗಳಿಗೂ ಯೂಮೀಡಿಯಾ ವಿಸ್ತರಿಸಿತು. 1986ರಿಂದ ಗ್ರಂಥಾಲಯಕ್ಕಾಗಿ ದೇಣಿಗೆ ಸಂಗ್ರಹಿಸುತ್ತಿರುವ ಶಿಕಾಗೊ ಪಬ್ಲಿಕ್ ಲೈಬ್ರರಿ ಫೌಂಡೇಶನ್ ಇದರ ಬೆನ್ನಿಗೆ ನಿಂತಿದೆ. ಮ್ಯಾಕ್‌ಆರ್ಥರ್ ಪ್ರತಿಷ್ಠಾನ ಮತ್ತು ಒಕ್ಕೂಟ ಸರ್ಕಾರದ ಗ್ರಂಥಾಲಯ ಸಂಸ್ಥೆ ಸೇರಿ ದೇಶದ ಇತರ ಕಡೆ 24 ಕಲಿಕಾ ಕೇಂದ್ರಗಳಿಗೆ ಬೀಜಧನವನ್ನೂ ಕೊಟ್ಟವು. ಆದರೂ ಶಾಖೆಗಳೆಲ್ಲ ಒಂದೇ ಬಗೆಯವಲ್ಲ. ಮುಖ್ಯ ಕೇಂದ್ರದಲ್ಲಿರುವಷ್ಟು ಜಾಗವಾಗಲಿ, ಬೇರೆ ಬೇರೆ ಕಸುಬಿನ ಮೆಂಟರ್‌ಗಳಾಗಲಿ ಸಣ್ಣ ಶಾಖೆಯಲ್ಲಿ ಇರುವುದು ಸಾಧ್ಯವೂ ಇಲ್ಲ. ಉಪಕರಣಗಳನ್ನು ಒಮ್ಮೆ ಕೊಂಡರೆ ವರ್ಷಗಟ್ಟಲೆ ಉಳಿಯುತ್ತವೆ, ಮನುಷ್ಯರಿಗೆ ತಿಂಗಳು ತಿಂಗಳೂ ಸಂಬಳ ಕೊಡಬೇಕು; ಇಂಥ ಯೋಜನೆಯನ್ನು ನಕಲು ಮಾಡುವವರು ಮೊದಲನೆಯದಕ್ಕೆ ಖರ್ಚು ಮಾಡಿ ಎರಡನೆಯದನ್ನು ಮರೆಯುತ್ತಾರೆ.

ಈ ಮಾತನ್ನು ಬರೆಯುವಾಗ ಕರ್ನಾಟಕ ನೆನಪಾಗದೆ ಇರದು. 1965ರ ಗ್ರಂಥಾಲಯ ಕಾಯಿದೆ ಮತ್ತು ಆಸ್ತಿ ತೆರಿಗೆಯ ಜೊತೆ ವಸೂಲಾಗುವ ಗ್ರಂಥಾಲಯ ಕರದ ವ್ಯವಸ್ಥೆ ನಮ್ಮಲ್ಲಿದೆ. ಸಾವಿರಾರು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. ಕೊರೊನಾದಿಂದ ಶಾಲೆಗಳು ಮುಚ್ಚಿದ್ದ 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮವು ಹಳ್ಳಿಯ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟು, ಕಥೆ ಓದುವುದು, ಚಿತ್ರ ಬಿಡಿಸುವುದು ಮೊದಲಾದ ಚಟುವಟಿಕೆಗಳ ಮೂಲಕ ಅವರನ್ನು ಗ್ರಂಥಾಲಯಕ್ಕೆ ಕರೆತಂದ ರೀತಿ ಮೆಚ್ಚತಕ್ಕದ್ದು. ಆದರೆ 6ರಿಂದ 18 ವರ್ಷದವರೆಲ್ಲರೂ ಒಂದೇ ಗುಂಪು ಎಂದು ಎಣಿಸಿದಾಗ ಚಟುವಟಿಕೆಗಳು ತಾವಾಗಿಯೇ ಚಿಕ್ಕವರ ಕಡೆಗೆ ವಾಲುತ್ತವೆ, ಒಂಬತ್ತನೆಯ ತರಗತಿಯ ಹುಡುಗಿ ಬಣ್ಣದ ಕಾಗದ ಕತ್ತರಿಸಲು ಬರುವುದಿಲ್ಲ. ಅವಳಿಗೆ ಸ್ಟುಡಿಯೊ ಬೇಡ. ವಾರಕ್ಕೊಂದು ಸಂಜೆ ಅವಳ ವಯಸ್ಸಿನವರಿಗೆ ಮಾತ್ರ ಮೀಸಲಾದ ಹೊತ್ತು, ಕತ್ತಲಾಗುವ ಮುನ್ನ ಮನೆ ಸೇರುವ ಅನುಕೂಲ, ಮತ್ತು ಕವಿತೆ ಬರೆಯುವ, ನಾಟಕವಾಡುವ ಅಥವಾ ಫೋಟೊ ತೆಗೆಯುವ ಊರಿನ ಒಬ್ಬ ಅಕ್ಕನೋ ಅಣ್ಣನೋ ಇದ್ದರೆ ಯೂಮೀಡಿಯಾದ ಅರ್ಧ ಭಾಗ ಅಲ್ಲಿಗೂ ಬಂದಂತೆ.

ಶಿಕಾಗೊಗೆ ಹತ್ತಿರದಲ್ಲಿರುವವರಿಗೆ ಕೆಲವು ವ್ಯಾವಹಾರಿಕ ಮಾತುಗಳು. ಇಲ್ಲಿನ ಕನ್ನಡ ಕುಟುಂಬಗಳಲ್ಲಿ ಅನೇಕರು ನೇಪರ್‌ವಿಲ್, ಶಾಂಬರ್ಗ್ ಮುಂತಾದ ಉಪನಗರಗಳಲ್ಲಿದ್ದಾರೆ. ಆ ಊರುಗಳಿಗೆ ತಮ್ಮದೇ ಗ್ರಂಥಾಲಯಗಳಿರುವುದರಿಂದ, ಶಿಕಾಗೊದಲ್ಲಿ ಉಪಕರಣ ಎರವಲು ಪಡೆಯಲು ನಿಮ್ಮೂರಿನ ಕಾರ್ಡ್ ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ವೇಳಾಪಟ್ಟಿ ಶಾಲಾ ದಿನಗಳಿಗೂ ಬೇಸಿಗೆ ರಜೆಗೂ ಬೇರೆಯಾಗುತ್ತದೆ, ಗ್ರಂಥಾಲಯದ ಸಾಮಾನ್ಯ ವೇಳೆಯನ್ನೇ ನಂಬಿ ಹೊರಡಬೇಡಿ. ನಗರದ ಮೇಲ್ಸೇತುವೆ ರೈಲಿನಲ್ಲಿ ಬರುವವರಿಗೆ ಗ್ರಂಥಾಲಯದ ಹೆಸರಿನದೇ ನಿಲ್ದಾಣ ಎದುರಿಗಿದೆ. ಮಕ್ಕಳ ಜೊತೆ ಒಳಗೆ ಹೋಗಿ ಪಕ್ಕದಲ್ಲಿ ಕೂರುವ ಆಲೋಚನೆಯನ್ನು ಕೈಬಿಡಿ, ಅದು ಅವರ ಜಾಗ. ಒಂಬತ್ತನೆಯ ಮಹಡಿಯಲ್ಲಿ ಗಾಜಿನ ಚಾವಣಿಯ ವಿಂಟರ್ ಗಾರ್ಡನ್ ಇದೆ, ಕಾಯುವವರಿಗೆ ಅದು ತಕ್ಕ ಸ್ಥಳ; ಖಾಸಗಿ ಸಮಾರಂಭಗಳಿಗೆ ಅದನ್ನು ಬಾಡಿಗೆಗೆ ಕೊಡುವ ದಿನಗಳಲ್ಲಿ ಉಳಿದ ಮಹಡಿಗಳಲ್ಲಿ ಎಲ್ಲಿಯಾದರೂ ಒಂದು ಪುಸ್ತಕ ಹಿಡಿದು ಕೂರಬಹುದು.